ಸಂಭಾಷಣೆಯನ್ನು ವಿಶ್ಲೇಷಿಸುವಾಗ ಪಾತ್ರಗಳ ಗುಣ ಮೊದಲು ಬರೆಯಬೇಕಾ, ಭಾಷೆಯ ಬಗ್ಗೆ ಮೊದಲಾ?

ಎರಡೂ ಬೇಡ. ಪಾತ್ರಕ್ಕೊಂದು ಪ್ಯಾರಾ, ಭಾಷೆಗೊಂದು ಪ್ಯಾರಾ ಅಂತ ಪಾಲು ಮಾಡಿಯೇ ನಾನೂ ಅಂಕ ಕಳೆದುಕೊಂಡದ್ದು. ನಾನು ಎಡವಿದಂಥದ್ದೇ ಐದು ಸಾಲು ಕಟ್ಟಿ ತೋರಿಸುತ್ತೇನೆ:

1. ತಮ್ಮ: ಅಣ್ಣಾ, ಪತ್ರ ಬಂತಾ? ನೀನು ಮನೇಲೇ ಇದ್ದೆಯಲ್ಲ.
2. ಅಣ್ಣ: ಊಟ ಆಯ್ತಾ?
3. ತಮ್ಮ: ನಾನು ಕೇಳಿದ್ದು ಪತ್ರದ ವಿಷಯ.
4. ಅಣ್ಣ: ಬಂದಿದೆಯಂತೆ.
5. ತಮ್ಮ: ಅಂತೆ ಅಂದ್ರೆ? ನೀವೇ ತಾನೆ ಬಾಗಿಲು ತೆಗೆದಿದ್ದು?

ಇದಕ್ಕೆ ನನ್ನಂಥವನು ಬರೆಯುವ ಉತ್ತರ: ‘ಅಣ್ಣ ಶಾಂತ ಸ್ವಭಾವದವನು, ತಮ್ಮನ ಊಟದ ಬಗ್ಗೆ ಕಾಳಜಿ ಉಳ್ಳವನು. ತಮ್ಮ ಮುಂಗೋಪಿಯಾದರೂ ಅಣ್ಣನಿಗೆ ಬಹುವಚನ ಕೊಡುವಷ್ಟು ವಿನಯವಂತ.’ ಓದೋಕೆ ಚೆನ್ನಾಗಿದೆ, ಪೂರ್ತಿ ತಪ್ಪು.

ಮುಖ್ಯ ತಪ್ಪು ಆ ‘ನೀವೇ’ಯಲ್ಲಿದೆ. ನೀವು ಅಂದರೆ ಗೌರವ ಅನ್ನೋದು ವ್ಯಾಕರಣ ಪುಸ್ತಕದ ಮಾತು. 1ನೇ ಸಾಲಲ್ಲಿ ‘ನೀನು’ ಅಂದವನು 5ನೇ ಸಾಲಿಗೆ ‘ನೀವು’ ಅಂದಿದ್ದಾನೆ. ನಡುವೆ ಅಣ್ಣನ ವಯಸ್ಸೇನೂ ಏರಿಲ್ಲ, ನಂಬಿಕೆ ಇಳಿದಿದೆ. ‘ಅಣ್ಣಾ’ ಎಂಬ ಸಂಬೋಧನೆಯೂ 1ನೇ ಸಾಲಿಗೇ ಮುಗಿಯಿತು. ಮೊದಲಿಂದ ಕೊನೆವರೆಗೂ ‘ನೀವು’ ಇದ್ದಿದ್ದರೆ ಅದು ಆ ಮನೆಯ ರೂಢಿ ಅಷ್ಟೇ, ಅದರಿಂದ ಏನೂ ಸಾಬೀತಾಗದು. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಇಂಥ ಸರ್ವನಾಮಗಳನ್ನು ಅಧಿಕಾರ, ಆಪ್ತತೆ ಎಂಬ ಎರಡು ಅಳತೆಯಲ್ಲಿ ನೋಡಿದರು. ಇಲ್ಲಿ ಅಲುಗಾಡಿದ್ದು ಆಪ್ತತೆ. ಹಾಗಾಗಿ ರೂಪ ಎಲ್ಲಿ ಬದಲಾಯಿತು ಅಂತ ಹುಡುಕಿ, ಎಷ್ಟು ಸಲ ಬಂತು ಅಂತ ಎಣಿಸಬೇಡಿ.

ಊಟದ ಪ್ರಶ್ನೆಯೂ ಕಾಳಜಿಯಲ್ಲ. ಪ್ರಶ್ನೆಗೆ ಪ್ರಶ್ನೆ ಎಸೆದರೆ ಉತ್ತರದ ಜಾಗ ಖಾಲಿ ಉಳಿಯುತ್ತದೆ, ಆ ಖಾಲಿಯನ್ನು 3ನೇ ಸಾಲು ಎತ್ತಿ ತೋರಿಸುತ್ತದೆ. ಕೊನೆಗೆ ಬಂದ ಉತ್ತರದಲ್ಲೂ ‘ಅಂತೆ’. ತಾನೇ ಬಾಗಿಲು ತೆಗೆದವನು ಬೇರೆ ಯಾರೋ ಹೇಳಿದ ಹಾಗೆ ಮಾತಾಡುತ್ತಾನೆ. ತಮ್ಮನ ‘ತಾನೆ’ ಅವನನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ.

ಕೆಲಸ ಶುರು ಮಾಡುವುದು ಹೀಗೆ. ಸಾಲುಗಳಿಗೆ ನಂಬರ್ ಹಾಕಿ. ‘ಎಂದು ಗದರಿದ’, ‘ಎಂದು ನಕ್ಕ’ ಎಂಬಂಥವುಗಳನ್ನು ಮೊದಲ ಓದಿಗೆ ಪೆನ್ಸಿಲ್‌ನಲ್ಲಿ ಹೊಡೆದುಹಾಕಿ, ಅವು ಕಥೆಗಾರನ ಮಾತು, ಪಾತ್ರದ್ದಲ್ಲ. ಪಕ್ಕದ ಅಂಚಿನಲ್ಲಿ ಪ್ರತಿ ಸಾಲಿಗೂ ಒಂದೇ ಒಂದು ಕ್ರಿಯಾಪದ: ಕೇಳುತ್ತಾನೆ, ಜಾರಿಕೊಳ್ಳುತ್ತಾನೆ, ಮತ್ತೆ ಕೇಳುತ್ತಾನೆ, ಅರೆಬರೆ ಒಪ್ಪುತ್ತಾನೆ, ಸಿಕ್ಕಿಸುತ್ತಾನೆ. ‘ಶಾಂತ’, ‘ಮುಂಗೋಪಿ’ಯಂಥ ಗುಣವಾಚಕ ಈ ಹಂತದಲ್ಲಿ ಬರೆದರೆ ಆಮೇಲೆ ಅದಕ್ಕೆ ಸಾಕ್ಷಿ ಹುಡುಕುತ್ತಾ ಕೂರುತ್ತೀರಿ, ನನಗಾದದ್ದು ಅದೇ. ಪದಗಳನ್ನೂ ಎಣಿಸಿ. ತಮ್ಮನವು 16, ಅಣ್ಣನವು 3. ಜಾಸ್ತಿ ಮಾತಾಡಿದವನದೇ ಮೇಲುಗೈ ಅಂತ ಬರೆದುಬಿಡಬೇಡಿ ಮತ್ತೆ, ವಿಷಯ ಗೊತ್ತಿರುವುದು ಆ ಮೂರು ಪದದವನಿಗೆ.

‘ಮನೇಲೇ’, ‘ಅಂದ್ರೆ’ ಕಂಡ ಕೂಡಲೇ ‘ಓದು ಬಾರದವನು’ ಅನ್ನುವವರೂ ಇದ್ದಾರೆ. ಆಡುಮಾತನ್ನು ಬರೆದಿಟ್ಟರೆ ಎಲ್ಲರದೂ ಹಾಗೇ ಕಾಣುತ್ತದೆ. ಒಬ್ಬ ಮಾತ್ರ ಗ್ರಾಂಥಿಕವಾಗಿ ಮಾತಾಡಿದರೆ ಅಥವಾ ಅರ್ಧದಲ್ಲಿ ಹಾಗೆ ಶುರು ಮಾಡಿದರೆ ಗಮನಿಸಿ.

ಬರೆಯುವಾಗ ಪ್ಯಾರಾಗೊಂದು ತಿರುವು ಸಾಕು: ಎರಡು ಮೂರು ಪದದ ಉಲ್ಲೇಖ, ಸಾಲಿನ ನಂಬರ್, ಆ ರೂಪ ಮಾಡಿದ ಕೆಲಸ, ಅದರಿಂದ ಪಾತ್ರದ ಬಗ್ಗೆ ತಿಳಿದದ್ದು. ಸಮಯ ಕಡಿಮೆಯಿದ್ದರೆ ಸರ್ವನಾಮಕ್ಕೂ ಉತ್ತರ ಸಿಗದ ಪ್ರಶ್ನೆಗಳಿಗೂ ಅಡಿಗೆರೆ ಎಳೆದು ಬರೆಯೋಕೆ ಕೂತುಬಿಡಿ. ಅಲಂಕಾರ ಹುಡುಕೋಕೆ ಹೋಗಬೇಡಿ, ಐದು ಸಾಲಿನ ಜಗಳದಲ್ಲಿ ಉಪಮೆ ಹೇಳುತ್ತಾ ಕೂರುವಷ್ಟು ಪುರುಸೊತ್ತು ಯಾರಿಗೂ ಇರಲ್ಲ.