ಎಪ್ಪತ್ತೇಳು ಎಂದರೆ ಎಷ್ಟು?

ದಾವಣಗೆರೆಯಿಂದ ಬರೆದಿರುವ ಹಿರಿಯರಿಗೆ ನಮಸ್ಕಾರ.

ಎಂಬಿಎ ಓದುತ್ತಿರುವ ನಿಮ್ಮ ಮಗಳು ‘ಅಂತರ್‌ಸಾಂಸ್ಕೃತಿಕ ನಿರ್ವಹಣೆ’ಯ ಪರೀಕ್ಷೆಗೆಂದು ದೇಶಕ್ಕೊಂದು ಅಂಕಿಯನ್ನು ಉರು ಹೊಡೆಯುತ್ತಿರುವುದನ್ನು ಕಂಡು ಬೇಸತ್ತಿದ್ದೀರಿ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದು ನಾಲ್ಕು ರಾಜ್ಯಗಳ ನೀರು ಕುಡಿದ ನಿಮಗೆ ‘ಅಧಿಕಾರ ಅಂತರ: ಭಾರತ 77’ ಎಂಬ ಸಾಲು ನಗೆ ತರಿಸಿದೆ. ಜನರನ್ನು ತಿಳಿಯಲು ಅನುಭವ ಸಾಕು, ಈ ವಿಷಯವನ್ನೇ ಪಠ್ಯದಿಂದ ಕಿತ್ತುಹಾಕಲಿ ಎನ್ನುತ್ತೀರಿ.

ಮೊದಲು ಆ 77ರ ಜಾತಕ. 1967ರಿಂದ 1973ರ ನಡುವೆ ಕಂಪ್ಯೂಟರ್ ಕಂಪನಿ ಐಬಿಎಂ ಹಲವು ದೇಶಗಳ ತನ್ನ ನೌಕರರಿಂದ ತುಂಬಿಸಿಕೊಂಡ ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಹಿಡಿದು ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1980ರಲ್ಲಿ ಪ್ರಕಟಿಸಿದ ಅಳತೆಗಳ ಮನೆತನಕ್ಕೆ ಸೇರಿದ್ದು ಅದು. ಕೆಳಗಿನವರು ಮೇಲಿನವರ ಅಧಿಕಾರವನ್ನು ಎಷ್ಟರ ಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿದ್ದಾರೆ ಎಂದು ಅದು ಅಳೆಯುತ್ತದೆ; ಅಂಕಿ ಏರಿದಷ್ಟೂ ಒಪ್ಪಿಗೆ ಹೆಚ್ಚು. ಅಂದರೆ ಅದರೊಳಗಿನ ಭಾರತ ಒಂದು ಕಂಪನಿಯ ಕಚೇರಿಯ ಭಾರತ. ನಿಮ್ಮೂರಿನ ಮಂಡಿಯ ಹಮಾಲರನ್ನು ಯಾರೂ ಕೇಳಿರಲಿಲ್ಲ. ಲಕ್ಷದ ಲೆಕ್ಕವೂ ಎಲ್ಲ ಕಡೆ ಒಂದೇ ಸಮನಾಗಿ ಹರಡಿರಲಿಲ್ಲ. ಪಾಕಿಸ್ತಾನದಲ್ಲಿ ಮೊದಲ ಸುತ್ತಿನಲ್ಲಿ ಸಿಕ್ಕವರು 37 ಮಂದಿ, ಎರಡನೆಯದರಲ್ಲಿ 70 ಎಂದು 2002ರಲ್ಲಿ ಅವರ ಟೀಕಾಕಾರ ಬ್ರೆಂಡನ್ ಮೆಕ್‌ಸ್ವೀನಿ ಎತ್ತಿ ತೋರಿಸಿದರು. ದೇಶದ ಸರಾಸರಿಯನ್ನು ಎದುರಿಗೆ ಕುಳಿತ ವ್ಯಕ್ತಿಗೆ ಅಂಟಿಸಬೇಡಿ ಎಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ತರಗತಿಯಲ್ಲಿ ಮೊದಲು ಉದುರಿಹೋಗುವುದು ಈ ಎಚ್ಚರಿಕೆಯೇ.

ಇಷ್ಟರವರೆಗೆ ನಾನು ನಿಮ್ಮ ಕಡೆ. ಆದರೆ ನಿಮ್ಮದೇ ಪತ್ರದ ಎರಡನೆಯ ಪುಟ ತೆಗೆಯಿರಿ. ‘ದೆಹಲಿಯವರಿಗೆ ಗದರಿಸದಿದ್ದರೆ ಕೆಲಸ ಆಗದು, ಚೆನ್ನೈಯವರಿಗೆ ಗದರಿಸಿದರೆ ಆಗದು’ ಎಂದಿದ್ದೀರಿ. ಇದೂ ಸರಾಸರಿಯೇ ತಾನೆ? ಎಷ್ಟು ಜನರನ್ನು ಕೇಳಿ ತೆಗೆದದ್ದು? ಆ ಡಚ್ಚರ ಬಳಿ ಪ್ರಶ್ನಾವಳಿಯಾದರೂ ಇತ್ತು, ತಪ್ಪು ಹುಡುಕಲು ಮೆಕ್‌ಸ್ವೀನಿಗೆ ದಾರಿ ಇತ್ತು. ನಿಮ್ಮ ಅನುಭವದ ಕಡತವನ್ನು ತಪಾಸಣೆ ಮಾಡುವವರು ಯಾರು?

ನಾನು ಮೇಷ್ಟರಾಗಿದ್ದರೆ ಅಂಕಿಪಟ್ಟಿ ಬಿಚ್ಚುವ ಮೊದಲು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರು ಕಾರ್ಖಾನೆಯ ಕಥೆ ಹೇಳುತ್ತಿದ್ದೆ. ಜನರಲ್ ಮೋಟರ್ಸ್ 1982ರಲ್ಲಿ ಅದನ್ನು ಮುಚ್ಚಿದಾಗ ಅಲ್ಲಿನ ಕಾರ್ಮಿಕರು ಗೈರುಹಾಜರಿಗೂ ತಂಟೆಗೂ ಹೆಸರಾದವರು. 1984ರಲ್ಲಿ ಟೊಯೋಟಾ ಜೊತೆಗೂಡಿ ‘ನಮ್ಮಿ’ ಎಂಬ ಹೆಸರಿನಲ್ಲಿ ಅದೇ ಕಾರ್ಖಾನೆ ಮತ್ತೆ ತೆರೆಯಿತು. ಕಾರ್ಮಿಕರಲ್ಲಿ ಬಹುಪಾಲು ಹಳಬರೇ, ಸಂಘವೂ ಅದೇ. ನೂರಾರು ಮಂದಿ ಜಪಾನಿಗೆ ಹೋಗಿ ಕೆಲಸ ಕಲಿತು ಬಂದರು. ದೋಷ ಕಂಡ ಯಾವ ಕಾರ್ಮಿಕನಾದರೂ ತಲೆಯ ಮೇಲಿನ ಹಗ್ಗ ಎಳೆದು ಸಹಾಯಕ್ಕೆ ಕರೆಯಬಹುದಿತ್ತು, ಕಾರು ಜೋಡಿಸುವ ಸಾಲನ್ನೇ ನಿಲ್ಲಿಸಬಹುದಿತ್ತು. ಹಳೆಯ ಆಡಳಿತದಲ್ಲಿ ಸಾಲು ನಿಲ್ಲಿಸುವುದೆಂದರೆ ಮಹಾಪರಾಧ. ಗೈರುಹಾಜರಿ ಇಳಿಯಿತು, ಗುಣಮಟ್ಟ ಟೊಯೋಟಾದ ಜಪಾನಿ ಘಟಕಗಳ ಹತ್ತಿರಕ್ಕೆ ಬಂತು. ಅಮೆರಿಕನ್ನರು ವ್ಯಕ್ತಿವಾದಿಗಳು, ಹಾಫ್‌ಸ್ಟೆಡ್‌ರ ಆ ಅಳತೆಯಲ್ಲಿ ಅವರ ಅಂಕಿ 91, ತಂಡದ ಕೆಲಸ ಅವರಿಗೆ ಒಗ್ಗದು ಎಂದು ಪಟ್ಟಿ ಓದಿದವನು ತೀರ್ಪು ಕೊಡಬಹುದಿತ್ತು. ಬದಲಾದದ್ದು, ಹಗ್ಗ ಎಳೆದವನ ಬಳಿ ಓಡಿಬಂದ ಮೇಲಿನವನು ಆಡುವ ಮೊದಲ ಮಾತು. ಇದೇ ಪದ್ಧತಿಯನ್ನು ತನ್ನ ಬೇರೆ ಕಾರ್ಖಾನೆಗಳಿಗೆ ಒಯ್ಯಲು ಹೋಗಿ ಜನರಲ್ ಮೋಟರ್ಸ್ ವರ್ಷಗಟ್ಟಲೆ ತಿಣುಕಿತು. ಎರಡೂ ಕಡೆ ಇದ್ದವರು ಅಮೆರಿಕನ್ನರೇ!

ಹಾಗೆಂದು ದೇಶ, ಭಾಷೆಗಳ ವ್ಯತ್ಯಾಸವೇ ಸುಳ್ಳೆಂದಲ್ಲ. ಕೆಲವು ಸಮಾಜಗಳಲ್ಲಿ ಅರ್ಥದ ಹೆಚ್ಚಿನ ಪಾಲು ಮಾತಿನ ಹೊರಗಿರುತ್ತದೆ ಎಂದು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಹೇಳಿದ್ದನ್ನು ನಮ್ಮ ‘ನೋಡೋಣ’ ಒಂದೇ ಪದದಲ್ಲಿ ಸಾಬೀತುಮಾಡುತ್ತದೆ. ಬೆಂಗಳೂರಿನ ಕಚೇರಿಯಿಂದ ಈ ಪದ ಅನುವಾದವಾಗಿ ಮ್ಯೂನಿಕ್ಕಿಗೆ ಹೋದರೆ ಅಲ್ಲಿನವರು ಪಾಪ, ನಿಜವಾಗಿಯೂ ಯಾರೋ ನೋಡುತ್ತಿದ್ದಾರೆಂದು ಕಾಯುತ್ತಾರೆ. (ಸಂಪಾದಕರೂ ಈ ಪದವನ್ನು ಧಾರಾಳವಾಗಿ ಬಳಸುತ್ತೇವೆ, ಕವಿಗಳು ಕ್ಷಮಿಸಬೇಕು.)

ಆದ್ದರಿಂದ ಮಗಳು ಆ ವಿಷಯವನ್ನು ಓದಲಿ. 77 ಬರೆದು ಅಂಕ ತೆಗೆದುಕೊಳ್ಳಲಿ. ಮುಂದಿನ ತರಗತಿಯಲ್ಲಿ ಮಾತ್ರ ಎದ್ದು ನಿಂತು, ‘ಇದು ಯಾರನ್ನು ಕೇಳಿ ಬರೆದದ್ದು?’ ಎಂದು ಮೇಷ್ಟರನ್ನು ಕೇಳಲಿ. ಅಧಿಕಾರ ಅಂತರ ಎಷ್ಟೆಂಬುದು ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ಬ್ಯಾಂಕಿನ ದಿನಗಳ ಬಗ್ಗೆ ಲೇಖನ ಕಳಿಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಕಳಿಸಿ. ‘ನೋಡೋಣ’ ಎಂದು ಬರೆದಿಲ್ಲ, ಗಮನಿಸಿ.

— ಸಂಪಾದಕ