ಪ್ರಶ್ನೋತ್ತರ: ರವದಿ ಹೊದಿಸಿದ ಕುಳೆ ಕಬ್ಬು ಹಳದಿಯಾಗುವುದೇಕೆ?

ಪ್ರಶ್ನೆ: ರವದಿ (ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ) ಸುಡಬೇಡಿ ಎಂದು ಎಲ್ಲರೂ ಹೇಳಿದರೆಂದು ಕಳೆದ ವರ್ಷ ಸುಡದೆ ಹೊಲದಲ್ಲೇ ಬಿಟ್ಟೆ. ಎರಡು ತಿಂಗಳಿಗೆ ಕುಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ) ಹಳದಿ ತಿರುಗಿ ಸೊರಗಿತು. ಅಕ್ಕಪಕ್ಕದವರು ಸುಟ್ಟ ಹೊಲ ಹಸಿರಾಗಿತ್ತು. ಏನು ತಪ್ಪಾಯಿತು? (ಗೋಕಾಕ ತಾಲ್ಲೂಕಿನ ಓದುಗರು)

ಉತ್ತರ: ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಸುಮಾರು ಶೇ 0.4 ಮಾತ್ರ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಆಗಷ್ಟೇ ಚಿಗುರಿದ ಕುಳೆಗೆ ಕೊರತೆ ಬೀಳುವುದು ಆ ಹೊತ್ತಿನಲ್ಲೇ. ಆದ್ದರಿಂದ ರವದಿ ಹರಡಿದ ಕೂಡಲೇ, ಬೆಳೆಗೆ ಕೊಡುವ ಗೊಬ್ಬರದ ಲೆಕ್ಕಕ್ಕೆ ಸೇರಿಸದೆ, ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್ ಎರಚಿ. ಟನ್ನಿಗೆ ಕೊಳೆಸುವ ಜೀವಾಣು ಗೊಬ್ಬರ 1 ಕೆ.ಜಿ.ಯನ್ನು ಸಗಣಿ ರಾಡಿಯಲ್ಲಿ ಕಲಸಿ ಚಿಮುಕಿಸಿ. ಎಕರೆಗೆ ಮೂರೂವರೆ ಟನ್ ರವದಿ ಎಂದುಕೊಂಡರೆ ಯೂರಿಯಾ 28 ಕೆ.ಜಿ. ಆಗುತ್ತದೆ. ಸುಟ್ಟಾಗ ಹೊಗೆಯಾಗಿ ಹೋಗುವ ಸಾರಜನಕವೂ ಹೆಚ್ಚುಕಡಿಮೆ ಇಷ್ಟೇ ಯೂರಿಯಾಕ್ಕೆ ಸಮ. ಪಕ್ಕದ ಹೊಲ ಹಸಿರಾಗಿ ಕಂಡದ್ದು ಅಲ್ಲಿ ಈ ಪೈಪೋಟಿ ಇರಲಿಲ್ಲವೆಂದು, ಬೂದಿಯಿಂದ ಸಾರಜನಕ ಸಿಕ್ಕಿತೆಂದಲ್ಲ. ಎರಚಿದ ದಿನವೇ ನೀರು ಬಿಡಿ. ಒಣ ರವದಿಯ ಮೇಲೆ ಬಿದ್ದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಆದರೆ ಹಳದಿ ಬಣ್ಣಕ್ಕೆಲ್ಲ ಸಾರಜನಕವೇ ಕಾರಣವಲ್ಲ. ಮೊದಲು ಎಲೆ ನೋಡಿ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಸುಳಿಯ ಹೊಸ ಎಲೆ ಬಿಳಿಚಿ, ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ್ದು. ಸುಣ್ಣದ ಅಂಶವಿರುವ ಕಪ್ಪು ಮಣ್ಣಿನ ಕುಳೆಯಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆರಸ ಬೆರೆಸಿ ವಾರಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿ. ಇದಕ್ಕೆ ಯೂರಿಯಾ ಸುರಿದು ಉಪಯೋಗವಿಲ್ಲ.

ಹೊದಿಕೆಗೂ ಮೊದಲಿನ ಕೆಲಸ ಬುಡ ಸವರುವುದು, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಕಟಾವಾದ ವಾರದೊಳಗೆ ಹರಿತವಾದ ಸಲಕರಣೆಯಿಂದ ಬುಡವನ್ನು ನೆಲಮಟ್ಟಕ್ಕೆ ಕತ್ತರಿಸಿ. ಮೇಲೆ ಉಳಿದ ಗಣ್ಣಿನಿಂದ ಬರುವ ಚಿಗುರಿಗೆ ಸ್ವಂತ ಬೇರು ಸರಿಯಾಗಿ ಇಳಿಯುವುದಿಲ್ಲ, ತೆಳ್ಳಗಾಗಿ ಸಾಯುತ್ತದೆ. ಬುಡದ ಮೇಲೆ ರವದಿ ಬೀಳದಂತೆಯೂ ನೋಡಿಕೊಳ್ಳಿ. ಹಾಯಿ ನೀರಾವರಿಯಾದರೆ ರವದಿಯನ್ನೆಲ್ಲ ಸಾಲು ಬಿಟ್ಟು ಸಾಲಿಗೆ ಸರಿಸಿ, ಖಾಲಿ ಸಾಲಿನಲ್ಲಿ ನೀರು ಹಾಯಿಸಿ, ಅಲ್ಲೇ ಎಡೆ ಹೊಡೆದು (ಸಾಲಿನ ನಡುವಿನ ಮಣ್ಣು ಕೆದಕಿ) ಗೊಬ್ಬರ ಕೊಡಿ. ಎಲ್ಲ ಸಾಲಿಗೂ ತುಂಬಿದರೆ ನೀರು ನಡುವೆಯೇ ತಡೆದು ಕೊನೆ ಮುಟ್ಟದು. ಹನಿ ನೀರಾವರಿಗೆ ಈ ತೊಂದರೆಯಿಲ್ಲ. ಕೆಂಪು ಕೊಳೆ ರೋಗ ಬಂದ ಅಥವಾ ಬೇರು ತಿನ್ನುವ ಗೊಣ್ಣೆ ಹುಳು ವಿಪರೀತವಾದ ಹೊಲದಲ್ಲಿ ರವದಿಯ ಪ್ರಶ್ನೆಯೇ ಬೇಡ, ಅಲ್ಲಿ ಕುಳೆ ಬೆಳೆಯನ್ನೇ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಹಿಂಗಾರಿ ಜೋಳಕ್ಕೆ ಚೌಕು ಮಡಿ (ಮಳೆನೀರು ನಿಂತು ಇಂಗಲು ಉದ್ದಕ್ಕೂ ಅಡ್ಡಕ್ಕೂ ಬದು ಎಳೆದು ಮಾಡುವ ಚೌಕ) ಹಾಕಿದ್ದೆವು. ಮಳೆಗೆ ಮಡಿಗಳು ಒಡೆದು ನೀರೆಲ್ಲ ಹೋಯಿತು. (ಇಂಡಿ ತಾಲ್ಲೂಕಿನ ಓದುಗರು)

ಉತ್ತರ: ಉದ್ದಕ್ಕೆ ಬದು ಎಳೆದ ಮೇಲೆ ಅಡ್ಡ ಎಳೆಯುವಾಗ ಸಲಕರಣೆ ಮೊದಲಿನ ಬದುವನ್ನು ಕತ್ತರಿಸಿಕೊಂಡು ಹೋಗುತ್ತದೆ. ಈ ಕೂಡುವ ಜಾಗಗಳನ್ನು ಸಲಿಕೆಯಿಂದ ಮುಚ್ಚದಿದ್ದರೆ ಒಡೆಯುವುದು ಅಲ್ಲಿಂದಲೇ. ಇಳಿಜಾರು ಹೆಚ್ಚಿದಷ್ಟೂ ಮಡಿ ಚಿಕ್ಕದಿರಲಿ: ಸಾಧಾರಣ ಇಳಿಜಾರಿಗೆ 4.5 ಮೀಟರ್ ಚೌಕ, ಹೆಚ್ಚಿದ್ದರೆ 3 ಮೀಟರ್. ಜೂನ್-ಜುಲೈಯಲ್ಲಿ, ಮಣ್ಣು ಹದವಿದ್ದಾಗ ಕಟ್ಟಿ. ಒಣ ಹೆಂಟೆಯ ಬದು ನಿಲ್ಲದು. ಬಿತ್ತುವ ಮುಂದೆ ಕುಂಟೆ ಹೊಡೆದು ಸಮ ಮಾಡಿದರೆ ಸಾಕು, ಮತ್ತೆ ಉಳುಮೆ ಬೇಡ. ಉಳುಮೆ ಮಾಡಿದರೆ ಹಿಡಿದಿಟ್ಟ ಹಸಿಯೇ (ಮಣ್ಣಿನ ತೇವವೇ) ಆರಿಹೋಗುತ್ತದೆ. ಬೆಳೆಯಲ್ಲಿ ನೆಲ ಬಿರುಕು ಬಿಡುವ ಮೊದಲೇ ಎಡೆ ಹೊಡೆಯಿರಿ.

ಪ್ರಶ್ನೆ: ಹಸಿರೆಲೆ ಗೊಬ್ಬರಕ್ಕೆಂದು ಬೆಳೆದ ಸೆಣಬನ್ನು ಯಾವಾಗ ಮಣ್ಣಿಗೆ ಸೇರಿಸಬೇಕು? (ಸಿರುಗುಪ್ಪ ತಾಲ್ಲೂಕಿನ ಓದುಗರು)

ಉತ್ತರ: ಬಿತ್ತಿದ 40–45 ದಿನಕ್ಕೆ, ಹೂ ಬಿಡಲು ಶುರುವಾದಾಗ. ತಡವಾದರೆ ನಾರು ಬಲಿತು ರೋಟವೇಟರಿಗೆ ಸುತ್ತಿಕೊಳ್ಳುತ್ತದೆ, ಕೊಳೆಯುವುದೂ ನಿಧಾನ. ನೆಲದಲ್ಲಿ ಹಸಿಯಿಲ್ಲದಿದ್ದರೆ ಕತ್ತರಿಸಿ ಮೇಲೆಯೇ ಹೊದಿಕೆಯಾಗಿ ಬಿಡುವುದು ಲೇಸು.