ಓದುಗರ ಪ್ರಶ್ನೆ, ನಮ್ಮ ಉತ್ತರ: ದೊಡ್ಡ ಉಪ್ಪುನೀರಿನ ಅಕ್ವೇರಿಯಂಗೆ ಸದ್ದು ಮಾಡದ ಸ್ಕಿಮ್ಮರ್

ಪ್ರಶ್ನೆ: ನಮ್ಮದು 1000 ಲೀಟರಿನ ಉಪ್ಪುನೀರಿನ ಅಕ್ವೇರಿಯಂ. ಮೀನು, ಹವಳ ಎರಡೂ ಇವೆ. ಮನೆಯವರೆಲ್ಲ ಕೂರುವ ಕೋಣೆಯಲ್ಲೇ ಇಟ್ಟಿರುವುದರಿಂದ ಸದ್ದು ಕಡಿಮೆ ಇರುವ, ಪದೇ ಪದೇ ಕೈಕೊಡದ ಪ್ರೊಟೀನ್ ಸ್ಕಿಮ್ಮರ್ ಬೇಕು. ಎಷ್ಟು ಲೀಟರಿನ ತೊಟ್ಟಿಗೆ ಸಾಕು ಎಂಬುದಕ್ಕೆ ಒಂದೊಂದು ಪೆಟ್ಟಿಗೆಯ ಮೇಲೆ ಒಂದೊಂದು ಲೆಕ್ಕ ಇದೆ. ಯಾವುದನ್ನು ನಂಬಬೇಕು?

ಉತ್ತರ: ಗುಳ್ಳೆ ಎಬ್ಬಿಸಿ ನೀರಿನ ಕೊಳೆಯನ್ನು ನೊರೆಯಾಗಿ ಮೇಲಿನ ಕಪ್‌ಗೆ ತಳ್ಳುವ ಉಪಕರಣವೇ ಪ್ರೊಟೀನ್ ಸ್ಕಿಮ್ಮರ್; ನೊರೆ ಏರುವ ಕೊಳವೆ ಅದರ ಕತ್ತು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುವ ಸಂಖ್ಯೆಯನ್ನು ಬಿಟ್ಟುಬಿಡಿ. ಅದು ಸಾಮಾನ್ಯವಾಗಿ ನಾಲ್ಕಾರು ಮೀನುಗಳಿರುವ, ಕೈ ಬಿಗಿ ಹಿಡಿದು ಆಹಾರ ಹಾಕುವ ತೊಟ್ಟಿಗೆ ಕೊಟ್ಟ ಲೆಕ್ಕ. ಕೈಪಿಡಿಯಲ್ಲಿ ಮೀನು, ಆಹಾರದಿಂದಾಗುವ ಕೊಳೆಗೆ ತಕ್ಕಂತೆ ಕಡಿಮೆ ಹೊರೆ, ಮಧ್ಯಮ ಹೊರೆ, ಹೆಚ್ಚು ಹೊರೆ ಎಂದು ಬೇರೆ ಬೇರೆ ಕೊಟ್ಟಿದ್ದರೆ ಕೊನೆಯದನ್ನು ಹಿಡಿಯಿರಿ. ಒಂದೇ ಸಂಖ್ಯೆ ಇದ್ದರೆ ಅದರ ಅರ್ಧವನ್ನು ನಂಬಿ. ನಿಮ್ಮ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ನಿಜವಾದ ನೀರು ಸುಮಾರು 850 ಲೀಟರ್ ಇರಬಹುದು. ಅದಕ್ಕೆ ಸಂಪಿನ (ತೊಟ್ಟಿಯ ಕೆಳಗೆ ಕ್ಯಾಬಿನೆಟ್ಟಿನಲ್ಲಿ ಸ್ಕಿಮ್ಮರ್, ಪಂಪ್ ಇಡುವ ಚಿಕ್ಕ ತೊಟ್ಟಿಯ) ನೀರನ್ನು ಸೇರಿಸಿ ಲೆಕ್ಕ ಹಾಕಿ.

ದೊಡ್ಡದಾದಷ್ಟೂ ಒಳ್ಳೆಯದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಸ್ಕಿಮ್ಮರ್ ತೀರಾ ದೊಡ್ಡದಾದರೆ ಅದರ ಅಗಲವಾದ ಕತ್ತನ್ನು ತುಂಬುವಷ್ಟು ಸಾವಯವ ಕೊಳೆ ನೀರಿನಲ್ಲಿ ಇರುವುದಿಲ್ಲ. ನೊರೆ ಕತ್ತಿನ ಅರ್ಧಕ್ಕೇ ಒಡೆದು ಕೆಳಗೆ ಬೀಳುತ್ತದೆ. ದಿನಗಟ್ಟಲೆ ಕಪ್ ಖಾಲಿ ಇದ್ದು, ಮೀನಿಗೆ ಹೆಚ್ಚು ತಿನ್ನಿಸಿದ ದಿನ ಮಾತ್ರ ತುಂಬುತ್ತದೆ. ನಿಮ್ಮಂಥ ತೊಟ್ಟಿಗೆ ದೇಹದ ವ್ಯಾಸ 20ರಿಂದ 25 ಸೆಂಟಿಮೀಟರ್ ಇರುವ, ಮೇಲಕ್ಕೆ ಹೋದಂತೆ ಕಿರಿದಾಗುವ ಆಕಾರದ ಸ್ಕಿಮ್ಮರ್ ಸಾಕು.

ಪಂಪ್ ಎಷ್ಟು ನೀರು ತಳ್ಳುತ್ತದೆ ಎಂಬುದಕ್ಕಿಂತ ಎಷ್ಟು ಗಾಳಿ ಎಳೆಯುತ್ತದೆ ಎಂಬುದನ್ನು ಮೊದಲು ನೋಡಿ. ಪ್ರೊಟೀನ್, ಕೊಬ್ಬಿನಂಥ ಅಣುಗಳಿಗೆ ನೀರನ್ನು ಬಯಸುವ ಒಂದು ಭಾಗವೂ ನೀರಿನಿಂದ ದೂರ ಸರಿಯುವ ಇನ್ನೊಂದು ಭಾಗವೂ ಇರುತ್ತವೆ. ಅದಕ್ಕೇ ಅವು ಗಾಳಿ ಮತ್ತು ನೀರು ಕೂಡುವ ಗುಳ್ಳೆಯ ಮೈಗೆ ಬಂದು ಅಂಟುತ್ತವೆ. ಗುಳ್ಳೆ ಸಣ್ಣದಾಗಿ, ಹೆಚ್ಚು ಇದ್ದಷ್ಟೂ ಅಂಟಲು ಜಾಗ ಹೆಚ್ಚು. ಈ ಅಳತೆಯ ಸ್ಕಿಮ್ಮರ್ ಗಂಟೆಗೆ ಕನಿಷ್ಠ 1000 ಲೀಟರ್ ಗಾಳಿ ಎಳೆಯಬೇಕು. ತಯಾರಕರು ಗಾಳಿಯ ಲೆಕ್ಕವನ್ನೇ ಕೊಟ್ಟಿಲ್ಲದಿದ್ದರೆ ಆ ಮಾದರಿಯನ್ನು ಬಿಡಿ.

ಸದ್ದಿನ ವಿಷಯದಲ್ಲಿ ಕೊಳ್ಳುವ ಮೊದಲೇ ನೋಡಬೇಕಾದವು ಕೆಲವಿವೆ. ಗಾಳಿ ಕೊಳವೆಯ ತುದಿಯಲ್ಲಿ ಸೈಲೆನ್ಸರ್ ಡಬ್ಬಿ ಇರಬೇಕು. ಪಂಪ್ ಮತ್ತು ತಳದ ನಡುವೆ ಸಿಲಿಕೋನ್ ಬುಡ ಇರಬೇಕು. ನೀರು ಹೊರಹೋಗುವ ಬಾಯಿ ಸಂಪಿನ ನೀರಿನೊಳಗೇ ಮುಳುಗಿರಬೇಕು, ಇಲ್ಲದಿದ್ದರೆ ಧಾರೆ ಬೀಳುವ ಸದ್ದು ನಿಲ್ಲುವುದಿಲ್ಲ. ಉಪಕರಣ ಬೇಡದೆ ಪಂಪನ್ನು ಬಿಚ್ಚಿ ತೆಗೆಯುವಂತಿರಬೇಕು. ಇದನ್ನು ಒತ್ತಿ ಹೇಳುತ್ತೇವೆ: ಬಿಚ್ಚಲು ಕಷ್ಟವಾದ ಪಂಪನ್ನು ಯಾರೂ ಹೊತ್ತಿಗೆ ಸರಿಯಾಗಿ ತೊಳೆಯುವುದಿಲ್ಲ, ತೊಳೆಯದ ಪಂಪ್ ಸದ್ದು ಮಾಡದೆ ಇರುವುದಿಲ್ಲ.

ಕೊನೆಯದಾಗಿ, ಟೇಪ್ ಹಿಡಿದು ಕ್ಯಾಬಿನೆಟ್ ಅಳೆಯಿರಿ. ಈ ವರ್ಗದ ಸ್ಕಿಮ್ಮರ್‌ಗಳ ಎತ್ತರ ಹೆಚ್ಚಾಗಿ 50ರಿಂದ 65 ಸೆಂಟಿಮೀಟರ್. ಕಪ್ಪನ್ನು ಮೇಲಕ್ಕೆತ್ತಿ ತೆಗೆಯಲು ಅದರ ಮೇಲೆ ಇನ್ನೂ 10 ಸೆಂಟಿಮೀಟರ್ ಬಿಡುವು ಬೇಕು.

ಪ್ರಶ್ನೆ: ಡಿಸಿ ಪಂಪ್ ಒಳ್ಳೆಯದೋ, ಎಸಿ ಪಂಪ್ ಒಳ್ಳೆಯದೋ?

ಉತ್ತರ: ಕೂರುವ ಕೋಣೆಗಾದರೆ ಡಿಸಿ. 24 ವೋಲ್ಟಿನ ಈ ಪಂಪ್‌ಗಳ ವೇಗವನ್ನು ಕಂಟ್ರೋಲರ್‌ನಿಂದ ಹೆಚ್ಚು ಕಡಿಮೆ ಮಾಡಬಹುದು, ಎಸಿ ಮೋಟಾರಿನ ಗುಂಯ್ ಎನ್ನುವ ಸದ್ದು ಇರುವುದಿಲ್ಲ. ಆದರೆ ಕೆಡುವ ಭಾಗ ಒಂದು ಹೆಚ್ಚಾಯಿತು: ಕಂಟ್ರೋಲರ್. ಅದನ್ನು ಸಂಪಿನ ಕ್ಯಾಬಿನೆಟ್ಟಿನೊಳಗೆ ಇಟ್ಟರೆ ಉಪ್ಪಿನ ತೇವ ಸಂಪರ್ಕಗಳನ್ನು ತಿನ್ನುತ್ತದೆ. ಹೊರಗಿಡಿ, ತಂತಿ ಪ್ಲಗ್ಗಿಗಿಂತ ಕೆಳಗೆ ಬಾಗಿ ಮತ್ತೆ ಮೇಲೇರುವಂತೆ ಕಟ್ಟಿ. ಕರೆಂಟ್ ಹೋಗಿ ಬಂದಾಗ ಮೊದಲಿನ ವೇಗದಲ್ಲೇ ತಾನಾಗಿ ಶುರುವಾಗುತ್ತದೆಯೇ ಎಂದು ಪ್ಲಗ್ ಕಿತ್ತು ಪರೀಕ್ಷಿಸಿ.

ಎಸಿ ಪಂಪ್ ಸರಳ, ಗಟ್ಟಿ. ಆದರೆ ಕೆಲವು ಎಸಿ ಪಂಪ್‌ಗಳ ರೋಟರ್ ಒಮ್ಮೊಮ್ಮೆ ತಿರುಗುಮುರುಗಾಗಿ ತಿರುಗಲು ಶುರು ಮಾಡುತ್ತದೆ. ಆಗ ಗುಳ್ಳೆ ಕಡಿಮೆ, ಸದ್ದು ಹೆಚ್ಚು. ನಿಲ್ಲಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದು ಅದು ಶುದ್ಧ ಸೈನ್ ವೇವ್ ಕೊಡುವಂಥದ್ದಲ್ಲದಿದ್ದರೆ ಎಸಿ ಪಂಪ್ ಜೋರಾಗಿ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ.

ಯಾವುದೇ ಆಗಲಿ, ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಸೂಜಿಗಳ ಚಕ್ರ) ಬಿಡಿಯಾಗಿ ಸಿಗುತ್ತದೆ ಎಂದು ಖಚಿತಪಡಿಸಿಕೊಂಡೇ ಕೊಳ್ಳಿ. ಸಾಧ್ಯವಾದರೆ ಅದೇ ದಿನ ಒಂದನ್ನು ಹೆಚ್ಚಿಗೆ ತೆಗೆದಿಡಿ.

ಪ್ರಶ್ನೆ: ಹೊಸ ಸ್ಕಿಮ್ಮರ್ ಹಾಕಿ ನಾಲ್ಕು ದಿನವಾಯಿತು. ಒಮ್ಮೆ ಉಕ್ಕಿ ಕಪ್ ತುಂಬುತ್ತದೆ, ಒಮ್ಮೆ ನೊರೆಯೇ ಏಳುವುದಿಲ್ಲ. ವಾಪಸ್ ಕೊಡಬೇಕೆ?

ಉತ್ತರ: ಈಗಲೇ ಬೇಡ. ಹೊಸ ಅಕ್ರಿಲಿಕ್ ಮೇಲೆ ತಯಾರಿಕೆಯ ಎಣ್ಣೆಯ ಪಸೆ ಉಳಿದಿರುತ್ತದೆ. ಅದು ತೊಳೆದುಹೋಗಿ ಒಳಮೈಗೆ ಜೈವಿಕ ಪೊರೆ ಕಟ್ಟುವವರೆಗೆ ನೊರೆ ಒಂದು ಹದಕ್ಕೆ ಬರುವುದಿಲ್ಲ. ಇದಕ್ಕೆ ಕೆಲವು ದಿನಗಳಿಂದ ಎರಡು ವಾರ ಹಿಡಿಯುತ್ತದೆ. ಹಾಕುವ ಮೊದಲು ವಿನೆಗರ್ ಬೆರೆಸಿದ ನೀರಿನಲ್ಲಿ ತೊಳೆದಿದ್ದರೆ ಸ್ವಲ್ಪ ಬೇಗ.

ಎರಡು ವಾರದ ಮೇಲೂ ಹೀಗೇ ಇದ್ದರೆ ಸಂಪಿನ ನೀರಿನ ಮಟ್ಟವನ್ನು ನೋಡಿ. ಸ್ಕಿಮ್ಮರ್ ಸರಿಯಿಲ್ಲ ಎಂಬ ದೂರುಗಳಲ್ಲಿ ನೀರಿನ ಮಟ್ಟ ಸರಿಯಿಲ್ಲದವೇ ಹೆಚ್ಚು. ಹೊರಗಿನ ನೀರು ಒಂದು ಸೆಂಟಿಮೀಟರ್ ಏರಿದರೆ ಒಳಗಿನ ನೊರೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ನೀರನ್ನು ಮತ್ತೆ ತೊಟ್ಟಿಗೆ ಏರಿಸುವ ರಿಟರ್ನ್ ಪಂಪ್ ಇರುವ, ಸಂಪಿನ ಕೊನೆಯ ಅಂಕಣದಲ್ಲಿ ನೀರು ಆವಿಯಾದಂತೆ ಮಟ್ಟ ಬೀಳುತ್ತಾ ಹೋಗುತ್ತದೆ, ಅಲ್ಲಿ ಸ್ಕಿಮ್ಮರ್ ಇಡಲೇಬಾರದು. ಅಡ್ಡಗಾಜು ಮಟ್ಟವನ್ನು ಹಿಡಿದಿಡುವ ಅಂಕಣದಲ್ಲಿ, ಫಿಲ್ಟರ್ ಸಾಕ್ಸ್ (ಕಸ ಸೋಸುವ ಬಟ್ಟೆಚೀಲ) ಆದ ಕೂಡಲೇ ಇಡಿ. ಕೈಪಿಡಿ 20ರಿಂದ 23 ಸೆಂಟಿಮೀಟರ್ ಆಳ ಹೇಳಿದ್ದು ನಿಮ್ಮಲ್ಲಿ 27 ಇದ್ದರೆ, ಕೆಳಗೆ 5 ಅಥವಾ 6 ಸೆಂಟಿಮೀಟರ್ ಎತ್ತರದ ಅಕ್ರಿಲಿಕ್ ಪೀಠ ಕೊಡಿ. ಪೀಠ ಅಲುಗಬಾರದು.

ಆಮೇಲೆ ಹದ ಮಾಡುವುದು ಹೀಗೆ. ಗಾಳಿಯನ್ನು ಪೂರ್ತಿ ತೆರೆಯಿರಿ, ನೀರು ಹೊರಹೋಗುವ ಕವಾಟವನ್ನು ತೆರೆದಿಡಿ, ನಂತರ ನೊರೆ ಕತ್ತಿನ ಬುಡದಿಂದ ತುಸು ಮೇಲೆ ನಿಲ್ಲುವವರೆಗೆ ಕವಾಟವನ್ನು ಕೂದಲೆಳೆಯಷ್ಟೇ ಮುಚ್ಚುತ್ತಾ ಬನ್ನಿ. ಒಮ್ಮೆ ತಿರುಗಿಸಿದ ಮೇಲೆ ಮಾರನೆಯ ದಿನದವರೆಗೆ ಮುಟ್ಟಬೇಡಿ. ಗಂಟೆಗೊಮ್ಮೆ ತಿರುಗಿಸುವವರಿಗೆ ಹದ ಸಿಗುವುದೇ ಇಲ್ಲ.

ಚೆನ್ನಾಗಿ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ಉಕ್ಕಿದರೆ ಆ ದಿನ ನೀರಿಗೆ ಏನು ಬಿತ್ತೆಂದು ನೆನಪಿಸಿಕೊಳ್ಳಿ. ಹವಳ ಅಂಟಿಸುವ ಎಪಾಕ್ಸಿ, ಕ್ಲೋರಿನ್ ತೆಗೆಯುವ ದ್ರಾವಣ, ಕೆಲವು ಔಷಧಿಗಳು ನೊರೆಯನ್ನು ಹುಚ್ಚೆಬ್ಬಿಸುತ್ತವೆ. ಎಣ್ಣೆಯಂಶದ ಆಹಾರ, ಕೈಗೆ ಹಚ್ಚಿದ ಲೋಷನ್ ಇದಕ್ಕೆ ವಿರುದ್ಧ: ನೊರೆಯನ್ನು ಕೆಲವು ಗಂಟೆ ಕುಸಿಯುವಂತೆ ಮಾಡುತ್ತವೆ.

ಪ್ರಶ್ನೆ: ಆರು ತಿಂಗಳು ಸದ್ದೇ ಇರಲಿಲ್ಲ. ಈಗ ರಾತ್ರಿ ಪಕ್ಕದ ಕೋಣೆಗೂ ಕೇಳಿಸುತ್ತದೆ. ಪಂಪ್ ಬದಲಿಸಬೇಕೆ?

ಉತ್ತರ: ಮೊದಲು ಎಂಥ ಸದ್ದು ಎಂದು ಕಿವಿಗೊಡಿ.

ಸುಂಯ್ ಎಂದು ಎಳೆಯುವ ಸದ್ದು ಗಾಳಿದಾರಿಯದು. ಗಾಳಿ ನೀರಿಗೆ ಸೇರುವ ಸಣ್ಣ ರಂಧ್ರದಲ್ಲಿ ಉಪ್ಪು ಹರಳುಗಟ್ಟಿ ದಾರಿ ಕಿರಿದಾಗಿರುತ್ತದೆ. ಗುಳ್ಳೆಯೂ ಕಡಿಮೆಯಾಗಿರುತ್ತದೆ, ಗಮನಿಸಿ. ಪಂಪ್ ನಡೆಯುತ್ತಿರುವಾಗಲೇ ಗಾಳಿ ಕೊಳವೆಯ ತುದಿಯನ್ನು ಒಂದು ಲೋಟ ಬೆಚ್ಚಗಿನ ಆರ್‌ಓ ನೀರಿನಲ್ಲಿ ಅದ್ದಿ, ಎಳೆದುಕೊಳ್ಳಲು ಬಿಡಿ. ಉಪ್ಪು ಕರಗಿಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿದರೆ ಈ ತೊಂದರೆ ಬರುವುದಿಲ್ಲ. ಸದ್ದು ತಗ್ಗಿಸಲೆಂದು ಕೊಳವೆಗೆ ಸ್ಪಂಜು ತುರುಕಬೇಡಿ, ಗಾಳಿ ಕಡಿಮೆಯಾದರೆ ಸ್ಕಿಮ್ಮರ್ ಕೆಲಸವೇ ಕಡಿಮೆಯಾದಂತೆ.

ಕಟಕಟ ಎನ್ನುವುದು ಇಂಪೆಲ್ಲರ್. ಸುಣ್ಣದಂಥ ಗಸಿ ಕಟ್ಟಿರಬಹುದು, ಸೂಜಿಗಳ ನಡುವೆ ಸಣ್ಣ ಬಸವನಹುಳು ಸಿಕ್ಕಿರಬಹುದು, ಅಥವಾ ಶಾಫ್ಟಿನ ರಬ್ಬರ್ ಬುಷ್ ಸವೆದಿರಬಹುದು. ಪಂಪ್ ಬಿಚ್ಚಿ, ಬಿಳಿ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ, ಇಲ್ಲವೇ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಬಕೆಟ್ಟಿನಲ್ಲಿ ಒಂದು ಗಂಟೆ ನಡೆಸಿ. ಗಸಿ ಗಟ್ಟಿಯಾಗಿದ್ದರೆ ಇನ್ನೊಂದು ಗಂಟೆ. ಮೃದು ಬ್ರಷ್‌ನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು ಜೋಡಿಸಿ. ಸೂಜಿಗಳು ಮುರಿದಿವೆಯೇ, ಸೆರಾಮಿಕ್ ಶಾಫ್ಟ್ ಬಿರುಕು ಬಿಟ್ಟಿದೆಯೇ ನೋಡಿ. ಮುರಿದಿದ್ದರೆ ಇಂಪೆಲ್ಲರ್ ಮಾತ್ರ ಬದಲಿಸಿ. ಮೂರು ತಿಂಗಳಿಗೊಮ್ಮೆ ಈ ಕೆಲಸ ಮಾಡಬೇಕು.

ನೆಲದಿಂದಲೇ ಬಂದಂತೆ ಕೇಳುವ ಗುಂಯ್ ಸದ್ದು ಕಂಪನದ್ದು. ಪಂಪ್ ಅಥವಾ ಅದರ ತಂತಿ ಸಂಪಿನ ಗಾಜಿಗೆ ತಾಗುತ್ತಿರುತ್ತದೆ. ಕೈಯಿಂದ ಸ್ಕಿಮ್ಮರನ್ನು ತುಸು ಎತ್ತಿ ಹಿಡಿಯಿರಿ. ಸದ್ದು ನಿಂತರೆ ಬುಡಕ್ಕೆ ಸಿಲಿಕೋನ್ ಹಾಳೆ ಹಾಸಿದರೆ ಸಾಕು. ಪಂಪ್ ಬದಲಿಸುವ ಯೋಚನೆ ಇವೆಲ್ಲ ಆದ ಮೇಲೆ.

ಪ್ರಶ್ನೆ: ಕಪ್ಪಿನಲ್ಲಿ ದಿನಾ ಒಂದು ಲೀಟರಿನಷ್ಟು ತೆಳು ಚಹಾದ ಬಣ್ಣದ ನೀರು ತುಂಬುತ್ತದೆ. ಇದು ಒಳ್ಳೆಯದೇ?

ಉತ್ತರ: ಕೊಳೆ ಹೊರಹೋಗುತ್ತಿದೆ, ಜೊತೆಗೆ ಉಪ್ಪೂ ಹೋಗುತ್ತಿದೆ. ಮಟ್ಟ ಇಳಿದಾಗ ತಾನಾಗಿ ನೀರು ಸೇರಿಸುವ ಆಟೋ ಟಾಪ್ ಅಪ್ ಆ ಜಾಗಕ್ಕೆ ಸಿಹಿನೀರು ಸುರಿಯುತ್ತದೆ. 1000 ಲೀಟರಿನಲ್ಲಿ ದಿನಕ್ಕೆ 1 ಲೀಟರಿನಂತೆ ತಿಂಗಳಿಗೆ 30 ಲೀಟರ್, ಅಂದರೆ ಶೇಕಡಾ 3 ಉಪ್ಪುನೀರು ಹೋದರೆ ಸಾವಿರಕ್ಕೆ 35 ಇದ್ದ ಲವಣಾಂಶ 34ಕ್ಕೆ ಇಳಿಯುತ್ತದೆ. ವಾರಕ್ಕೊಮ್ಮೆ ಲವಣಾಂಶ ಅಳೆಯಿರಿ, ಅಥವಾ ನೊರೆಯನ್ನು ಒಂದಿಷ್ಟು ತಗ್ಗಿಸಿ ಗಾಢ ಕಂದು ಬಣ್ಣಕ್ಕೆ ತನ್ನಿ. ತೀರಾ ಗಟ್ಟಿಯಾದ ಕಪ್ಪು ಗಸಿಯೂ ಬೇಡ, ಅದು ಕತ್ತಿಗೆ ಅಂಟಿ ನೊರೆ ಏರುವುದನ್ನೇ ತಡೆಯುತ್ತದೆ. ಕತ್ತಿನ ಒಳಮೈಯನ್ನು ಎರಡು ಮೂರು ದಿನಕ್ಕೊಮ್ಮೆ ಒರೆಸಿ.

ಪ್ರಶ್ನೆ: ಇಷ್ಟೆಲ್ಲ ಮಾಡಿಯೂ ನೈಟ್ರೇಟ್ ಇಳಿದಿಲ್ಲ. ಏಕೆ?

ಉತ್ತರ: ಸಾವಯವ ವಸ್ತು ಕೊಳೆತು ಕೊನೆಗೆ ಉಳಿಯುವ ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗಿರುವ ಅಯಾನು, ಗುಳ್ಳೆಗೆ ಅಂಟುವುದಿಲ್ಲ. ಸ್ಕಿಮ್ಮರ್ ತೆಗೆಯುವುದು ಮುಂದೆ ನೈಟ್ರೇಟ್ ಆಗಬಹುದಾದ ಸಾವಯವ ವಸ್ತುವನ್ನು, ಅದೂ ಒಂದು ಪಾಲನ್ನು ಮಾತ್ರ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕೆನ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಅಳೆದು ನೋಡಿದಾಗ, ಸ್ಕಿಮ್ಮರ್ ನೀರಿನಲ್ಲಿದ್ದ ಒಟ್ಟು ಸಾವಯವ ಇಂಗಾಲದ ಶೇಕಡಾ 20ರಿಂದ 30ರಷ್ಟನ್ನು ಮಾತ್ರ ತೆಗೆಯಿತು. ನೀರು ಬದಲಿಸುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ವಾರಗಟ್ಟಲೆ ಊರಿಗೆ ಹೋದಾಗ ಕಪ್ ಉಕ್ಕಿದರೆ?

ಉತ್ತರ: ಅದು ನಿಜಕ್ಕೂ ಅಪಾಯ. ಉಕ್ಕಿದ್ದು ಸಂಪಿನ ಹೊರಗೆ ಬಿದ್ದರೆ ಉಪ್ಪುನೀರು ನೆಲಕ್ಕೆ ಹೋಗುತ್ತಲೇ ಇರುತ್ತದೆ, ಟಾಪ್ ಅಪ್ ಸಿಹಿನೀರು ಸೇರಿಸುತ್ತಲೇ ಇರುತ್ತದೆ, ಹವಳಗಳು ಸಾಯುತ್ತವೆ. ಕಪ್ಪಿನ ಕೆಳಗಿನ ಕೊಳವೆಯನ್ನು 5 ಲೀಟರಿನ ಮುಚ್ಚಿದ ಕ್ಯಾನಿಗೆ ಜೋಡಿಸಿ. ಗಾಳಿ ಹೊರಹೋಗಲು ಕ್ಯಾನಿನ ಮುಚ್ಚಳದಲ್ಲಿ ರಂಧ್ರವಿರಲಿ, ಇಲ್ಲದಿದ್ದರೆ ನೀರು ಕ್ಯಾನಿಗೆ ಇಳಿಯದೆ ಕಪ್ಪಿನಲ್ಲೇ ನಿಲ್ಲುತ್ತದೆ. ಕ್ಯಾನ್ ತುಂಬಿದಾಗ ಸ್ಕಿಮ್ಮರಿನ ಕರೆಂಟನ್ನು ಕಡಿಯುವ ಫ್ಲೋಟ್ ಸ್ವಿಚ್ ಹಾಕಿಸಿ. ರಿಟರ್ನ್ ಪಂಪ್ ನಿಂತರೆ ಸಂಪಿನ ಮಟ್ಟ ಏರಿ ಸ್ಕಿಮ್ಮರ್ ಉಕ್ಕುತ್ತದೆ. ಆದ್ದರಿಂದ ಎರಡೂ ಒಟ್ಟಿಗೆ ನಿಲ್ಲುವಂತೆ, ಮತ್ತೆ ಶುರುವಾಗುವಾಗ ಸ್ಕಿಮ್ಮರ್ 10 ನಿಮಿಷ ತಡವಾಗಿ ಏಳುವಂತೆ ಟೈಮರ್ ಇಡಿ. ಹೊರಡುವ ಹಿಂದಿನ ದಿನ ಕತ್ತು ತೊಳೆಯಬೇಡಿ: ತೊಳೆದ ಮೇಲೆ ನೊರೆ ಹದಕ್ಕೆ ಬರಲು ಹಲವು ಗಂಟೆ ಬೇಕು. ಮೂರು ದಿನ ಮೊದಲೇ ತೊಳೆದು, ಹದ ನೋಡಿ ಹೊರಡಿ.